ಮೂರೂವರೆಗೆ ಮುಗಿಯುವ ಮಾತು

ನನ್ನ ಮಾತು ದಿನಾ ಮಧ್ಯಾಹ್ನ ಮೂರೂವರೆಗೆ ಮುಗಿಯುತ್ತದೆ. ಹೇಳಲಿಕ್ಕೆ ಏನೂ ಉಳಿದಿಲ್ಲ ಎಂದಲ್ಲ. ಹೇಳುವ ಮೊಬೈಲ್‌ನಲ್ಲಿ ಚಾರ್ಜ್ ಉಳಿದಿರುವುದಿಲ್ಲ.

ಹಂಪನಕಟ್ಟೆಯ ಒಂದು ಸೀರೆ ಅಂಗಡಿಯಲ್ಲಿ ನಾನು ಮೂವತ್ತೆರಡು ವರ್ಷ ಸೇಲ್ಸ್‌ಮನ್ ಆಗಿದ್ದೆ. ನನ್ನ ಬಂಡವಾಳವೇ ನಾಲಿಗೆ. ಒಬ್ಬರಿಗೆ ತುಳು, ಇನ್ನೊಬ್ಬರಿಗೆ ಕೊಂಕಣಿ, ಮತ್ತೊಬ್ಬರಿಗೆ ಬ್ಯಾರಿ, ಹೀಗೆ ಏಕಕಾಲಕ್ಕೆ ಮೂರು ಮನೆಯವರನ್ನು ಕೂರಿಸಿಕೊಂಡು ಸೀರೆ ಬಿಡಿಸುತ್ತಿದ್ದೆ. ಅಷ್ಟೇ ವರ್ಷ ಬೀಡಿಯನ್ನೂ ಸೇದಿದೆ. ನಾಲ್ಕು ವರ್ಷದ ಹಿಂದೆ ಗಂಟಲಿನಲ್ಲಿ ಕ್ಯಾನ್ಸರ್ ಎಂದರು, ಧ್ವನಿಪೆಟ್ಟಿಗೆಯನ್ನೇ ತೆಗೆದರು. ಈಗ ಕತ್ತಿನಲ್ಲೊಂದು ತೂತು, ಅದರ ಮೇಲೊಂದು ಬಿಳಿ ಬಟ್ಟೆ. ಕತ್ತಿಗೆ ಒತ್ತಿ ಹಿಡಿದು ಮಾತಾಡುವ ಒಂದು ಯಂತ್ರ ಕೊಟ್ಟಿದ್ದರು. ಅದರ ಗುಂಯ್ ಸದ್ದಿಗೆ ಬಸ್ಸಿನಲ್ಲಿ ಒಂದು ಮಗು ಹೆದರಿ ಅತ್ತ ಮೇಲೆ ಅದನ್ನು ಕಪಾಟಿನಲ್ಲಿ ಇಟ್ಟುಬಿಟ್ಟೆ.

ಆಮೇಲೆ ನನ್ನ ತಂಗಿಯ ಮಗಳು ಮೊಬೈಲ್‌ಗೆ ಒಂದು ಆ್ಯಪ್ ಹಾಕಿಕೊಟ್ಟಳು. ನಾನು ಟೈಪ್ ಮಾಡಿ ಒತ್ತಿದರೆ ಅದು ಮಾತಾಡುತ್ತದೆ. ಅದಕ್ಕೆ ತುಳು ಬರುವುದಿಲ್ಲ, ಕನ್ನಡ ಬರುತ್ತದೆ. ಸ್ವರವೋ ರೈಲ್ವೆ ಸ್ಟೇಷನ್ನಿನ ಹೆಂಗಸಿನದ್ದು. ಹುಟ್ಟಿದಂದಿನಿಂದ ತುಳುವಿನಲ್ಲಿ ಜಗಳವಾಡಿದ ನನ್ನ ಮನೆಯವರ ಜೊತೆ ನಾನು ಈಗ ಶುದ್ಧ ಕನ್ನಡದಲ್ಲಿ, ಹೆಣ್ಣು ಸ್ವರದಲ್ಲಿ ಮಾತಾಡುತ್ತೇನೆ. ಅವರೂ ಯಾವುದೋ ಆಫೀಸಿಗೆ ಬಂದವರ ಹಾಗೆ ನನಗೆ ಕನ್ನಡದಲ್ಲೇ ಉತ್ತರ ಕೊಡುತ್ತಾರೆ. ಮೊದಲು ನಗು ಬರುತ್ತಿತ್ತು. ಕ್ರಮೇಣ ಅಭ್ಯಾಸವಾಯಿತು.

ಆಗ ನನ್ನ ಹತ್ತಿರ ಇದ್ದದ್ದು ಹಳೆಯ ದಪ್ಪ ಮೊಬೈಲ್. ಶರ್ಟಿನ ಕಿಸೆ ಅದರ ಭಾರಕ್ಕೆ ಜೋತು ಬೀಳುತ್ತಿತ್ತು. ಆದರೆ ಒಮ್ಮೆ ಚಾರ್ಜ್ ಮಾಡಿದರೆ ಎರಡು ದಿನ ಮಾತಾಡುತ್ತಿತ್ತು. ಮೀನು ಮಾರ್ಕೆಟ್‌ನಲ್ಲಿ ಚರ್ಚೆ ಮಾಡಿ, ಬಸ್ಸಿನಲ್ಲಿ ಕಂಡಕ್ಟರನ ಹತ್ತಿರ ಜಗಳ ಮಾಡಿ, ಸಂಜೆ ಹೆಂಡತಿಗೆ ಉತ್ತರ ಕೊಟ್ಟರೂ ಅರ್ಧ ಉಳಿಯುತ್ತಿತ್ತು.

ನನಗೆ ಅರುವತ್ತು ತುಂಬಿದಾಗ ತಂಗಿಯ ಮಗಳು ಹೊಸ ಮೊಬೈಲ್ ತೆಗೆಸಿಕೊಡುತ್ತೇನೆಂದು ಅಂಗಡಿಗೆ ಕರೆದುಕೊಂಡು ಹೋದಳು. ಅವಳು ಡಯಾಲಿಸಿಸ್ ಟೆಕ್ನಿಷಿಯನ್. ವಾರಕ್ಕೆ ಮೂರು ಸಲ ಬಂದು ನಾಲ್ಕು ಗಂಟೆ ಮಲಗುವ ರೋಗಿಗಳು ಅವಳೇ ಸೂಜಿ ಹಾಕಬೇಕೆಂದು ಕಾಯುತ್ತಾರೆ, ಅವಳು ರಜೆ ಹಾಕಿದರೆ ಮುಖ ಸಣ್ಣ ಮಾಡುತ್ತಾರೆ. ಆ ದಿನ ಡ್ಯೂಟಿ ಮುಗಿಸಿ ಸೀದಾ ಬಂದಿದ್ದಳು. ಅಂಗಡಿಯವನು ಒಂದು ಮೊಬೈಲನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದ.

“ನೋಡಿ ಅಂಕಲ್, ಎಷ್ಟು ಸ್ಲಿಮ್ ಉಂಟು. ಕಿಸೆಯಲ್ಲಿ ಉಂಟೂಂತಲೇ ಗೊತ್ತಾಗುದಿಲ್ಲ.”

ನಾನು ಹಳೆಯದರಲ್ಲಿ ಟೈಪ್ ಮಾಡಿ ಒತ್ತಿದೆ: “ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ?”

ಅವನು ನನ್ನ ಮುಖ ನೋಡಲಿಲ್ಲ. ಹುಡುಗಿಗೆ ಹೇಳಿದ, “ಅಂಕಲ್‌ಗೆ ಎಂತ ಅಷ್ಟು ಯೂಸ್ ಮೇಡಂ? ವಾಟ್ಸಾಪ್ ಮಾತ್ರ ಅಲ್ವಾ?”

ಕೇಳಿದ ಪ್ರಶ್ನೆ ಬಿಟ್ಟು ಬೇರೆಯವರ ಮುಖ ನೋಡಿ ಮಾತಾಡುವುದು ಸೇಲ್ಸ್‌ಮನ್‌ಗಳ ಹಳೆಯ ಉಪಾಯ. ನಾನೂ ಮಾಡಿದ್ದೇನೆ. ‘ಬಣ್ಣ ಹೋಗ್ತದಾ’ ಎಂದು ಅತ್ತೆ ಕೇಳಿದರೆ ಸೊಸೆಯ ಹೆಗಲಿಗೆ ಸೀರೆ ಹಾಕಿ ಕನ್ನಡಿ ತೋರಿಸಿದ್ದೇನೆ. ಆದರೂ ನಾನು ಆ ಉಪಾಯಕ್ಕೆ ಬಿದ್ದೆ. ಹುಡುಗಿ ಅಷ್ಟು ಸಂತೋಷದಲ್ಲಿ ಇದ್ದಳು. ‘ಮಾಮ, ಇದು ನಿಮಗೆ ಒಳ್ಳೆ ಕಾಣ್ತದೆ’ ಎಂದಳು. ಹಳೆಯ ಮೊಬೈಲ್ ಎಕ್ಸ್‌ಚೇಂಜಿಗೆ ಹೋಯಿತು. ಅದನ್ನು ಅವನು ಒಂದು ಡಬ್ಬಿಗೆ ಎಸೆದ ಸದ್ದು ನನಗೆ ಈಗಲೂ ಹೊಟ್ಟೆ ಉರಿಸುತ್ತದೆ.

ತೆಳ್ಳಗೆ ಮಾಡಿ ಎಂದು ಇವರ ಹತ್ತಿರ ಕೇಳಿದ್ದು ಯಾರು? ನೀರುದೋಸೆ ತೆಳ್ಳಗಿರಬೇಕು, ಒಪ್ಪುತ್ತೇನೆ. ಮೊಬೈಲ್ ಯಾಕೆ? ಒಳಗೆ ಜಾಗ ಇಲ್ಲದ ಮೇಲೆ ಬ್ಯಾಟರಿ ಸಣ್ಣದಾಗಲೇಬೇಕು, ಇದನ್ನು ತಿಳಿಯಲು ಇಂಜಿನಿಯರಿಂಗ್ ಓದಬೇಕಾಗಿಲ್ಲ. ಮೇಲಾಗಿ, ಅಷ್ಟು ತೆಳ್ಳಗಿನದ್ದು ಬಿದ್ದರೆ ಒಡೆಯುತ್ತದೆ ಎಂದು ಅದೇ ಅಂಗಡಿಯವನು ಅದಕ್ಕೊಂದು ದಪ್ಪ ಕವರ್ ಹಾಕಿಸಿದ. ಚಾರ್ಜ್ ಸಾಲುವುದಿಲ್ಲ ಎಂದು ನಾನು ಪವರ್‌ಬ್ಯಾಂಕ್ ತೆಗೆದುಕೊಂಡೆ, ಅದು ಅರ್ಧ ಇಟ್ಟಿಗೆಯಷ್ಟು ಭಾರ. ಕಂಪೆನಿಯವರು ಉಳಿಸಿದ ದಪ್ಪವನ್ನೆಲ್ಲ ನಾನು ಚೀಲದಲ್ಲಿ ಹಾಕಿ, ವಯರ್ ಸುತ್ತಿ, ಊರೆಲ್ಲ ಹೊತ್ತು ತಿರುಗಬೇಕು. ಇದಕ್ಕೆ ಅವರು ಕೊಟ್ಟ ಹೆಸರು ಸ್ಲಿಮ್.

ಒಂದು ದಿನ ಸುರತ್ಕಲ್ ಬಸ್ಸಿನಲ್ಲಿ ಪವರ್‌ಬ್ಯಾಂಕೂ ಖಾಲಿಯಾಗಿತ್ತು. ನಾನು ಇಳಿಯಬೇಕಾದ ಸ್ಟಾಪ್ ಬಂತು, ಕಂಡಕ್ಟರ್ ನೋಡಲಿಲ್ಲ. ಸೀಟಿನ ಕಬ್ಬಿಣಕ್ಕೆ ಕೈಯಿಂದ ಬಡಿದೆ. ‘ಎಂತ ಗಲಾಟೆ ಮಾರಾಯ್ರೆ, ಬಾಯಿ ಇಲ್ವಾ?’ ಎಂದ. ಎರಡು ಸ್ಟಾಪ್ ಆಚೆ ಇಳಿದು ಬಿಸಿಲಿನಲ್ಲಿ ನಡೆದುಕೊಂಡು ವಾಪಸು ಬಂದೆ. ಮರುದಿನ ಸರ್ವಿಸ್ ಸೆಂಟರಿಗೆ ಹೋದೆ. ಅಲ್ಲಿಯ ಹುಡುಗಿ ಮೊಬೈಲ್ ತಿರುಗಿಸಿ ನೋಡಿ, “ಬ್ಯಾಟರಿ ಸರಿ ಉಂಟು ಅಂಕಲ್. ವಾಲ್ಯೂಮ್ ಕಮ್ಮಿ ಇಡಿ, ಬೇಕಾದಾಗ ಮಾತ್ರ ಯೂಸ್ ಮಾಡಿ” ಎಂದಳು. ಗಂಟಲಿಲ್ಲದವನಿಗೆ ಕೊಟ್ಟ ಬುದ್ಧಿಮಾತು ಇದು: ಮೆಲ್ಲಗೆ ಮಾತಾಡಿ, ಕಮ್ಮಿ ಮಾತಾಡಿ. ನನ್ನ ಕತ್ತಿನ ಬಟ್ಟೆ ಅವಳಿಗೆ ಕಾಣುತ್ತಿತ್ತು. ನಾನು ಏನೂ ಟೈಪ್ ಮಾಡದೆ ಎದ್ದು ಬಂದೆ. ಟೈಪ್ ಮಾಡುತ್ತಿದ್ದರೆ ಆ ರೈಲ್ವೆ ಹೆಂಗಸಿನ ಬಾಯಲ್ಲಿ ಬರಬಾರದ ಮಾತು ಬರುತ್ತಿತ್ತು.

ಇದೆಲ್ಲ ಸಹಿಸಬಹುದಾದದ್ದೇ. ಸಹಿಸಲಾಗದ್ದು ನಡೆದದ್ದು ಕಳೆದ ತಿಂಗಳು, ತಂಗಿಯ ಮಗಳ ಮದುವೆಯ ಮಾತುಕತೆಯ ದಿನ.

ನಮ್ಮ ತುಳು ಮನೆಗಳಲ್ಲಿ ಹುಡುಗಿಯ ತಮ್ಮಲೆ, ಅಂದರೆ ಸೋದರಮಾವ, ಎದುರು ಕೂತು ಮಾತು ಕೊಡಬೇಕು. ಅಪ್ಪ ಇದ್ದರೂ ಆ ಮಾತು ತಮ್ಮಲೆಯದ್ದು. ಅವನು ಹೂಂ ಎಂದರೆ ಮಾತ್ರ ವೀಳ್ಯದ ಹರಿವಾಣ ಬದಲಾಗಿ ಸಂಬಂಧ ನಿಶ್ಚಯವಾಗುತ್ತದೆ. ಎರಡು ದಿನ ಮೊದಲು ಹುಡುಗಿ ಆಸ್ಪತ್ರೆಯಿಂದ ಸೀದಾ ನಮ್ಮ ಮನೆಗೆ ಬಂದಿದ್ದಳು.

“ಮಾಮ, ಹುಡುಗ ಒಳ್ಳೆಯವನು. ಆದರೆ ಅವರ ಮನೆಯಲ್ಲಿ ನನಗೆ ಕೆಲಸ ಬಿಡ್ಲಿಕ್ಕೆ ಹೇಳ್ತಾರಂತೆ. ನಾನು ಬಿಡುದಿಲ್ಲ. ಅಪ್ಪ ಅವರ ಎದುರು ಬಾಯಿ ತೆರೆಯುದಿಲ್ಲ. ನೀವೇ ಹೇಳ್ಬೇಕು.”

ಅವಳ ಎದುರೇ ಮೂರು ವಾಕ್ಯ ಟೈಪ್ ಮಾಡಿ ಇಟ್ಟೆ. ‘ಹುಡುಗ ನಮಗೆ ಒಪ್ಪಿಗೆ. ನಮ್ಮ ಹುಡುಗಿ ಕೆಲಸ ಬಿಡುವುದಿಲ್ಲ. ಇದಕ್ಕೆ ಒಪ್ಪಿದರೆ ಮಾತ್ರ ವೀಳ್ಯ ಬದಲಾಯಿಸುವ.’ ಅವಳು ಎರಡು ಸಲ ಒತ್ತಿಸಿ ಕೇಳಿ ನಗುತ್ತಾ ಹೋದಳು.

ಆದಿತ್ಯವಾರ ಹನ್ನೊಂದು ಗಂಟೆಗೆ ಬರುತ್ತೇವೆ ಎಂದಿದ್ದರು ಹುಡುಗನ ಕಡೆಯವರು. ನಾನು ಪೂರ್ತಿ ಚಾರ್ಜ್ ಮಾಡಿ ಒಂಬತ್ತಕ್ಕೇ ತಂಗಿಯ ಮನೆಯಲ್ಲಿದ್ದೆ. ಬಂದ ಸಂಬಂಧಿಕರೆಲ್ಲ ನನ್ನನ್ನು ಮಾತಾಡಿಸಿದರು, ಮಾತಿಗೆ ಮಾತು ಕೊಡದೆ ಕೂರಲು ನನಗೆ ಬರುವುದಿಲ್ಲ. ಮಕ್ಕಳು ಮೊಬೈಲ್ ತೆಗೆದುಕೊಂಡು ‘ಒಂದು ಸಲ, ಒಂದು ಸಲ’ ಎಂದು ಏನೇನೋ ಹೇಳಿಸಿದವು. ಹನ್ನೊಂದು ಹನ್ನೆರಡಾಯಿತು, ಎರಡಾಯಿತು. ಹೈವೇಯಲ್ಲಿ ಬ್ಲಾಕ್ ಎಂದು ಫೋನ್ ಬಂತು. ನಾನು ಚೀಲದಿಂದ ಪವರ್‌ಬ್ಯಾಂಕ್ ತೆಗೆದು ವಯರ್ ಸಿಕ್ಕಿಸಿದೆ. ತಂಗಿ ನೋಡಿ ಓಡಿ ಬಂದಳು.

“ಅಣ್ಣ, ಆ ವಯರ್ ಹಾಕಿಕೊಂಡು ಅವರ ಎದುರು ಕೂರ್ಬೇಡ. ಆಸ್ಪತ್ರೆಯ ಹಾಗೆ ಕಾಣ್ತದೆ.”

ಅವಳ ಮನೆಯ ಶುಭಕಾರ್ಯ, ನಾನು ವಯರ್ ತೆಗೆದೆ. ಪವರ್‌ಬ್ಯಾಂಕನ್ನು ಅವಳೇ ಒಳಗೆ ಎಲ್ಲೋ ಇಟ್ಟಳು. ಕೊನೆಗೆ ಅವರು ಬಂದಾಗ ಮೂರು ಗಂಟೆ ದಾಟಿತ್ತು. ಬಾಯಾರಿಕೆಗೆ ಶರಬತ್ತು ಕೊಟ್ಟಾಯಿತು, ಎರಡೂ ಕಡೆಯವರು ಹಳೆಯ ಸಂಬಂಧ ಹುಡುಕಿದ್ದಾಯಿತು. ನಾನು ಕಿಸೆಯಲ್ಲಿ ಮೊಬೈಲ್ ಮುಟ್ಟಿ ಮುಟ್ಟಿ ನೋಡುತ್ತಿದ್ದೆ. ಅಂಗಡಿಯವನು ಹೇಳಿದ್ದು ಒಂದು ಮಟ್ಟಿಗೆ ಸತ್ಯ, ಅದು ಕಿಸೆಯಲ್ಲಿ ಉಂಟೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ.

ಹುಡುಗನ ತಮ್ಮಲೆ ದೊಡ್ಡ ಸ್ವರದ ಮನುಷ್ಯ. ಅವರು ಗಂಟಲು ಸರಿ ಮಾಡಿಕೊಂಡರು. ಆ ಸದ್ದು ಕೇಳಿಯೇ ನನಗೆ ಅಸೂಯೆಯಾಯಿತು.

“ನಮ್ಮದು ಬೇರೆ ಎಂತ ಡಿಮ್ಯಾಂಡ್ ಇಲ್ಲ. ಆಸ್ಪತ್ರೆಯ ಡ್ಯೂಟಿ ಎಲ್ಲ ಮದುವೆ ಆದ ಮೇಲೆ ನಮ್ಮ ಮನೆಗೆ ಸರಿ ಆಗುದಿಲ್ಲ. ಅಷ್ಟೇ. ನೀವೆಂತ ಹೇಳ್ತೀರಿ?”

ಎಲ್ಲರೂ ನನ್ನ ಕಡೆ ತಿರುಗಿದರು. ಒಳಬಾಗಿಲಲ್ಲಿ ಹುಡುಗಿ ನಿಂತಿದ್ದಳು. ನಾನು ಮೊಬೈಲ್ ತೆಗೆದು ವಾಕ್ಯಗಳನ್ನು ಹುಡುಕಿ ಒತ್ತಿದೆ. ಅದು ಕೈಯಲ್ಲೊಮ್ಮೆ ಗುರ್ ಎಂದಿತು. ಕಂಪೆನಿಯ ಗುರುತು ಬಂದು ಹೋಯಿತು. ಆಮೇಲೆ ಕಪ್ಪು.

ನಾನು ಜೋರಾಗಿ ಕೈ ಆಡಿಸಿದೆ, ತಲೆ ಆಡಿಸಿದೆ. ಇಲ್ಲ, ಇದು ಆಗುವುದಿಲ್ಲ ಎಂದು. ಹುಡುಗನ ತಮ್ಮಲೆ ದೊಡ್ಡ ಮನಸ್ಸು ಮಾಡಿ ನಕ್ಕರು. “ಪಾಪ, ಆಫ್ ಆಯ್ತಾ? ತೊಂದರೆ ಇಲ್ಲ, ತೊಂದರೆ ಇಲ್ಲ. ನಿಮ್ಮ ಮನಸ್ಸು ನಮಗೆ ಗೊತ್ತಾಯ್ತು.”

ಬರೆಯುವ ಹಾಗೆ ಬೆರಳು ತೋರಿಸಿದೆ. ಆ ಮನೆಯಲ್ಲಿ ಒಂದು ಪೆನ್ನು ಸಿಗಲು ಐದು ನಿಮಿಷ ಬೇಕಾಯಿತು. ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ನನ್ನ ಆ್ಯಪ್ ಯಾವುದರಲ್ಲೂ ಇಲ್ಲ. ಹುಡುಗಿಯ ಅಪ್ಪ, ನನ್ನ ಬಾವ, ಹಳೆಯ ಕ್ಯಾಲೆಂಡರಿನ ಒಂದು ಹಾಳೆ ಹರಿದು ತಂದ. ಅದರ ಹಿಂದೆ ಮೂರೂ ವಾಕ್ಯ ದಪ್ಪ ಅಕ್ಷರದಲ್ಲಿ ಬರೆದು, ಓದು ಎಂದು ಬಾವನ ಕೈಗೇ ಕೊಟ್ಟೆ. ಅದೇ ನಾನು ಮಾಡಿದ ದೊಡ್ಡ ತಪ್ಪು. ಬಾವ ಓದಿದ, ಬೆವರಿದ, ಹಾಳೆಯನ್ನು ನಾಲ್ಕಾಗಿ ಮಡಿಸಿದ.

“ಬಾವ ಹೇಳುದು, ಹುಡುಗ ಒಪ್ಪಿಗೆ ಅಂತೆ. ಬಾಕಿದ್ದು ಹಿರಿಯರು ಸೇರಿ ನೋಡಿದರೆ ಸಾಕು ಅಂತೆ.”

ಹಾಳೆ ಅವನ ಕಿಸೆಗೆ ಹೋಯಿತು. ಹರಿವಾಣ ಬದಲಾಯಿತು. ನಾನೇ ಕೈಯಲ್ಲಿ ಹಿಡಿದು ಬದಲಾಯಿಸಬೇಕಿದ್ದ ಹರಿವಾಣವನ್ನು ನಾನು ಮುಟ್ಟಲಿಲ್ಲ, ಬಾವನೇ ಬದಲಾಯಿಸಿದ. ಅದನ್ನೂ ಯಾರೂ ಗಮನಿಸಲಿಲ್ಲ. ಆ ಹಾಲ್‌ನಲ್ಲಿ ನಾವು ಹದಿನಾಲ್ಕು ಜನ. ನನ್ನದೊಂದು ಬಿಟ್ಟರೆ ಹದಿಮೂರು ಗಂಟಲು ಸರಿಯಿದ್ದವು, ಯಾವುದಕ್ಕೂ ಚಾರ್ಜ್ ಬೇಡ. ಹುಡುಗನಿಗೂ ಒಂದು ಗಂಟಲಿತ್ತು. ಅವನು ನೆಲ ನೋಡುತ್ತಾ ಕೂತಿದ್ದ.

ಸಂಜೆ ಮನೆಗೆ ಬಂದು ಮೊಬೈಲನ್ನು ಚಾರ್ಜಿಗೆ ಹಾಕಿದೆ. ಅದಕ್ಕೆ ಬೆಳಕು ಬಂದ ಕೂಡಲೇ ಹಟ ಹಿಡಿದವನ ಹಾಗೆ ಆ ಮೂರು ವಾಕ್ಯಗಳನ್ನು ಒತ್ತಿದೆ. ರೈಲ್ವೆ ಹೆಂಗಸು ಸ್ಪಷ್ಟವಾಗಿ, ಒಂದಕ್ಷರ ತಪ್ಪದೆ ಹೇಳಿದಳು. ಅಡುಗೆಮನೆಯಿಂದ ನನ್ನ ಹೆಂಡತಿ, “ಈಗ ಯಾರಿಗೆ ಹೇಳುದು?” ಎಂದಳು. ಕೋಪದಲ್ಲಿ ಮೊಬೈಲನ್ನು ಗೋಡೆಗೆ ಎಸೆಯಲು ಕೈ ಎತ್ತಿದೆ. ಎಸೆದರೆ ಮರುದಿನ ಹಾಲಿನವನ ಹತ್ತಿರವೂ ಮಾತಿಲ್ಲ. ಕೈ ಇಳಿಸಿದೆ.

ಆಮೇಲೆ ಒಂದು ತಿಂಗಳು ನಾನು ತಂಗಿಯ ಮನೆಗೆ ಹೋಗಲಿಲ್ಲ. ಬಾವ ಎರಡು ಸಲ ಫೋನ್ ಮಾಡಿದ. ನನಗೆ ಫೋನ್ ಮಾಡಿ ಪ್ರಯೋಜನ ಇಲ್ಲವೆಂದು ಅವನಿಗೆ ಗೊತ್ತಿದೆ. ಅದಕ್ಕೇ ಮಾಡುತ್ತಾನೆ.

ಇಂದು ಬೆಳಿಗ್ಗೆ ಹುಡುಗಿ ಬಂದಳು. ರಾಜೀನಾಮೆ ಪತ್ರವನ್ನು ಪ್ರಿಂಟ್ ಮಾಡಿಸಿ ತಂದಿದ್ದಳು, ನಾಳಿದ್ದು ಕೊಡಬೇಕಂತೆ. ನನ್ನ ಎದುರು ಇಟ್ಟು ಕೂತಳು. ನನಗೆ ಅವಳ ಮೇಲೂ ಸಿಟ್ಟಿತ್ತು. ಬಾಗಿಲಲ್ಲಿ ನಿಂತವಳಿಗೆ ಬಾಯಿ ಇರಲಿಲ್ಲವೇ ಎಂದು ಟೈಪ್ ಮಾಡಲು ಶುರು ಮಾಡಿದ್ದೆ. ಅಷ್ಟರಲ್ಲಿ ಅವಳೇ ಹೇಳಿದಳು.

“ಅಪ್ಪ ಓದಿದ್ದು ನಿಮ್ಮ ಮಾತು ಅಲ್ಲಾಂತ ನನಗೆ ಗೊತ್ತಿತ್ತು ಮಾಮ. ನೀವು ಹೇಳ್ತೀರಿ ಅಂತ ನಾನು ಒಂದು ಮಾತೂ ತಯಾರಿ ಮಾಡಿಕೊಂಡಿರ್ಲಿಲ್ಲ.”

ಹೇಳಿ ಅತ್ತಳು. ಆ ಹೊತ್ತಿಗೆ ಬ್ಯಾಟರಿ ಪೂರ್ತಿ ಇತ್ತು. ನಾನು ಟೈಪ್ ಮಾಡಿದ್ದನ್ನು ಒಂದೊಂದೇ ಅಕ್ಷರ ಅಳಿಸಿದೆ. ಮೊಬೈಲ್ ಮಾಡಿದವನ ಮೇಲೆ, ಮಾರಿದವನ ಮೇಲೆ, ಬಾವನ ಮೇಲೆ ಒಂದು ತಿಂಗಳು ಕುದಿದಿದ್ದೆ. ಇವಳ ಮಾತನ್ನೂ ಒಂದು ತೆಳ್ಳಗಿನ ಮೊಬೈಲ್‌ನಲ್ಲಿ ಹಾಕಿ ನನ್ನ ಕಿಸೆಯಲ್ಲಿ ಇಟ್ಟುಕೊಂಡವನು ನಾನೇ ಎಂದು ಆಗ ಹೊಳೆಯಿತು. ತಮ್ಮಲೆ ಎಂಬ ಠೀವಿಯಲ್ಲಿ ನನಗೆ ಅದು ತಪ್ಪೆಂದೇ ಕಂಡಿರಲಿಲ್ಲ.

ಪತ್ರವನ್ನು ಮಡಿಸಿ ಅವಳ ಚೀಲದೊಳಗೆ ವಾಪಸು ಹಾಕಿದೆ. ಮತ್ತೆ ಟೈಪ್ ಮಾಡಿದೆ: ‘ನಾಳೆ ಅವರ ಮನೆಗೆ ಹೋಗುವ. ನೀನು ಮಾತಾಡು. ತಮ್ಮಲೆ ಪಕ್ಕದಲ್ಲಿ ಕೂತಿರ್ತೇನೆ.’

ಒತ್ತಲಿಲ್ಲ. ಮೊಬೈಲನ್ನು ಅವಳ ಕಡೆ ತಿರುಗಿಸಿದೆ. ಅವಳು ಓದಿದಳು, ಇನ್ನೊಮ್ಮೆ ಓದಿದಳು, ಕಣ್ಣು ಒರೆಸಿಕೊಂಡಳು. ಆಮೇಲೆ ಕನ್ನಡ ಬಿಟ್ಟು ತುಳುವಿನಲ್ಲಿ, ಎಷ್ಟು ಗಂಟೆಗೆ ಹೊರಡುವ ಮಾಮ, ಎಂದು ಕೇಳಿದಳು.