ರಾಯಚೂರು ಕೋಟೆಯ ಕೀಲಿ

ನಾನು ರಾಯಚೂರಿನವನು ಎಂಬ ಒಂದೇ ಕಾರಣಕ್ಕೆ ಆ ನಾಟಕದಲ್ಲಿ ನನಗೆ ಕಿಲ್ಲೇದಾರನ ಪಾತ್ರ ಸಿಕ್ಕಿತು. ಇಂಟರ್‌ನೆಟ್ ಕಂಪನಿಗಳು ಬೆಳಿಗ್ಗೆಗೊಂದು ಸಂಜೆಗೊಂದು ಹುಟ್ಟುತ್ತಿದ್ದ ಕಾಲ ಅದು. ನಮ್ಮ ಕನ್ನಡ ಕೂಟದ ರಾಜ್ಯೋತ್ಸವಕ್ಕೆಂದು ಮೈಸೂರಿನ ಡಾಕ್ಟರೊಬ್ಬರು ವಿಜಯನಗರಕ್ಕೂ ಬಹಮನಿಗೂ ನಡೆದ ಯುದ್ಧದ ನಾಟಕ ಬರೆದಿದ್ದರು. ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ನೆಲ ನನ್ನದು ಎಂದು ದಕ್ಷಿಣದ ರಾಜ, ಇಲ್ಲ ನನ್ನದು ಎಂದು ಉತ್ತರದ ಸುಲ್ತಾನ. ಆ ನೆಲದ ನಡುವೆ ನಮ್ಮೂರ ಕೋಟೆ. ತಲೆಮಾರುಗಟ್ಟಲೆ ಅದು ಇವನಿಂದ ಅವನಿಗೆ, ಅವನಿಂದ ಇವನಿಗೆ ಕೈ ಬದಲಾಯಿಸಿತ್ತು. ಡಾಕ್ಟರು ಅದನ್ನೆಲ್ಲ ಮೂರು ದೃಶ್ಯಕ್ಕೆ ಇಳಿಸಿದ್ದರು. ಮೂರರಲ್ಲೂ ಕೋಟೆ ಕಾಯುವ ನಾನು ಗೆದ್ದವನಿಗೆ ಕೀಲಿ ಒಪ್ಪಿಸಿ, 'ಪ್ರಭೂ, ಈ ಕೋಟೆ ಇನ್ನು ತಮ್ಮದು' ಎನ್ನಬೇಕು. ಮೊದಲು ರಾಜನಿಗೆ, ಆಮೇಲೆ ಸುಲ್ತಾನನಿಗೆ, ಕೊನೆಗೆ ಮತ್ತೆ ರಾಜನಿಗೆ.

'ನಿಮ್ಮೂರೇ ಅಲ್ವಾ, ಫೀಲಿಂಗು ತಾನಾಗೇ ಬರತ್ತೆ ಬಿಡಿ,' ಎಂದರು ಡಾಕ್ಟರು.

ಯಾವ ಫೀಲಿಂಗು ಬರಬೇಕು ಎಂಬುದೇ ನನಗೆ ತಿಳಿಯಲಿಲ್ಲ. ಹುಡುಗರಾಗಿದ್ದಾಗ ನಾವು ಆ ಕೋಟೆಯ ಮೇಲೆ ಗಾಳಿಪಟ ಹಾರಿಸಿದ್ದೆವು, ಅದರ ನೆರಳಲ್ಲಿ ಕೂತು ಸೀತಾಫಲ ತಿಂದಿದ್ದೆವು. ನೀವು ಯಾರ ಕಡೆಯವರು ಎಂದು ಅಲ್ಲಿ ಯಾರೂ ಕೇಳಿರಲಿಲ್ಲ. ಸಮುದ್ರ ದಾಟಿ ಫ್ರೀಮಾಂಟಿಗೆ ಬಂದ ಮೇಲೆ ಕೇಳತೊಡಗಿದರು. ಒಂದು ಸಲ ರಾಜನ ಕಡೆ ಅಂದೆ, ಇನ್ನೊಂದು ಸಲ ಸುಲ್ತಾನನ ಕಡೆ ಅಂದೆ. ಎರಡೂ ಸಲ ಸುಳ್ಳು ಹೇಳಿದ ಹಾಗನ್ನಿಸಿತು.

ಅದೇ ಹೊತ್ತಿಗೆ ಮನೆಯಲ್ಲೂ ಒಂದು ಯುದ್ಧ ನಡೆದಿತ್ತು. ನಾನು ಸಾಂಟಾ ಕ್ಲಾರಾದ ಚಿಪ್ ಕಂಪನಿಗೆ ಹೋಗುತ್ತಿದ್ದೆ. ಹೆಂಡತಿ ಫ್ರೀವೇ ಹಿಡಿದು ಸ್ಯಾನ್ ರಮೋನಿನ ಸ್ಟಾರ್ಟಪ್ಪಿಗೆ ಹೋಗುತ್ತಿದ್ದಳು. ಮೂರೂವರೆ ವರ್ಷದ ಮಗಳು ಇಡೀ ದಿನ ಡೇಕೇರಿನಲ್ಲಿರುತ್ತಿದ್ದಳು. ಹೆಂಡತಿಯ ಕಂಪನಿ ಷೇರುಪೇಟೆಗೆ ಇಳಿದು ಪಬ್ಲಿಕ್ ಆಗುವ ತನಕ, ಒಂದೆರಡು ವರ್ಷ, ಮಗುವನ್ನು ಊರಿನಲ್ಲಿ ಅಜ್ಜಿಯ ಹತ್ತಿರ ಬಿಡೋಣ ಎಂದು ಯೋಚಿಸಿದೆವು. ಆಗ ನಮ್ಮಂಥವರು ಎಷ್ಟೋ ಮಂದಿ ಹಾಗೆ ಮಾಡುತ್ತಿದ್ದರು. ಆದರೆ ಯಾವ ಅಜ್ಜಿ?

ಅಜ್ಜಿಯರು ಆರಾರು ತಿಂಗಳ ಪಾಳಿಯಲ್ಲಿ ಬರುವುದು ಫ್ರೀಮಾಂಟಿನ ನಮ್ಮವರ ರೂಢಿ. ಒಬ್ಬರು ವಿಮಾನ ಹತ್ತಿದ ಮೇಲೆ ಇನ್ನೊಬ್ಬರು ಇಳಿಯಬೇಕು. ಬಿಟ್ಟರೆ ಮತ್ತೆ ಜಾಗ ಸಿಗದೆಂದು ಆಗಲೂ ಡೇಕೇರ್ ತಪ್ಪಿಸುತ್ತಿರಲಿಲ್ಲ. ನಾವು ಟಿಕೆಟ್ ತೆಗೆಸುವಾಗ ಎಡವಿ, ಮೈಸೂರಿನ ಅತ್ತೆ ಹೊರಡುವ ಮೊದಲೇ ರಾಯಚೂರಿನಿಂದ ಅವ್ವ ಬಂದಿಳಿದಳು. ಎರಡು ಬೆಡ್‌ರೂಮಿನ ಅಪಾರ್ಟ್‌ಮೆಂಟು, ಇಬ್ಬರು ಬೀಗಿತ್ತಿಯರು, ಒಂದು ಮೊಮ್ಮಗು.

'ರಾಯಚೂರಲ್ಲಿ ಬಿಸಿಲು ಜಾಸ್ತಿ ಅಲ್ವಾ ಬೀಗರೇ, ಮಗು ತಡ್ಕೊಳತ್ತಾ?' ಎಂದು ಅತ್ತೆ ನಯವಾಗಿ ಕೇಳುವರು.

'ಬಿಸಲಾಗ ಬೆಳದ ಕೂಸು ಗಟ್ಟಿ ಇರ್ತದ್ರೀ. ನಿಮ್ಮ ಮೈಸೂರಾಗ ಥಂಡಿ ಭಾಳಂತ,' ಎನ್ನುವಳು ಅವ್ವ, ಅಷ್ಟೇ ನಯವಾಗಿ.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ನಮ್ಮಲ್ಲಿ ಗಂಡ ಹೆಂಡಿರು ಜಗಳವನ್ನೇ ಆಡಲಿಲ್ಲ, ಕೂಸು ಬಡವಾಗಲೂ ಇಲ್ಲ. ಅತ್ತ ದೋಸೆ ಅಜ್ಜಿ, ಇತ್ತ ರೊಟ್ಟಿ ಅಜ್ಜಿ ತುತ್ತಿನ ಮೇಲೆ ತುತ್ತು ಇಟ್ಟು ಅದರ ಕೆನ್ನೆ ಊದಿಕೊಂಡಿತು. ಇಬ್ಬರೂ ನನ್ನನ್ನೇ ತೀರ್ಪು ಕೇಳುವರು. ನಾನು ಅಡ್ಡಗೋಡೆಯ ಮೇಲೆ ದೀಪವಿಟ್ಟು ಆಫೀಸಿಗೆ ಓಡುವೆ. ಮಗಳನ್ನು ಎಲ್ಲಿಗೂ ಕಳಿಸಲು ನನಗೆ ಮನಸ್ಸಿರಲಿಲ್ಲ. ಇಲ್ಲೇ ಇಟ್ಟುಕೊಂಡು ಇಡೀ ದಿನ ಬೇರೆಯವರ ಕೈಗೆ ಕೊಡುವುದೂ ಸರಿ ಕಾಣುತ್ತಿರಲಿಲ್ಲ. ತಲೆ ಕೆಟ್ಟು ಮೊಸರಾಗಿತ್ತು.

ನಾಟಕದ ದಿನ ಹೈಸ್ಕೂಲಿನ ಸಭಾಂಗಣ ತುಂಬಿತ್ತು. ಸೈನ್ಯಕ್ಕೆ ಸಿಕ್ಕವರು ಆರೇ ಮಂದಿ ಇಂಜಿನಿಯರುಗಳು, ಎರಡೂ ಕಡೆಗೆ ಅವರೇ. ಹೆಂಡತಿಯರ ಸೀರೆಗಳಿಂದ ಪೇಟ ಮಾಡಿದ್ದರು. ಕೆಂಪು ಸುತ್ತಿಕೊಂಡರೆ ವಿಜಯನಗರ, ಪರದೆಯ ಹಿಂದೆ ಹೋಗಿ ನೀಲಿ ಸುತ್ತಿಕೊಂಡು ಬಂದರೆ ಬಹಮನಿ. ಮೂರನೆಯ ದೃಶ್ಯದಲ್ಲಿ ಅವಸರಕ್ಕೆ ಅರ್ಧ ಮಂದಿ ಪೇಟ ಬದಲಿಸುವುದನ್ನೇ ಮರೆತರು. ರಾಜನ ಹಿಂದೆಯೂ ನೀಲಿ ಕೆಂಪು, ಸುಲ್ತಾನನ ಹಿಂದೆಯೂ ನೀಲಿ ಕೆಂಪು. ತಮ್ಮವರನ್ನೇ ತಾವು ಇರಿದರು, ಸತ್ತವನೊಬ್ಬ ಎದ್ದು ಆ ಕಡೆಗೆ ಹೋದ. ರಟ್ಟಿನ ಕೋಟೆಯ ಮುಂದೆ ಕೀಲಿ ಹಿಡಿದು ನಿಂತ ನನಗೆ ಇದು ಎಷ್ಟನೆಯ ಯುದ್ಧ, ಈಗ ಗೆದ್ದವರು ಯಾರು, ಒಂದೂ ತೋಚಲಿಲ್ಲ. ಇಬ್ಬರೂ ಕೈ ಚಾಚಿ ನಿಂತಿದ್ದರು. ನಾನು ಸುಲ್ತಾನನಿಗೆ ಕೊಟ್ಟು, 'ಪ್ರಭೂ, ಈ ಕೋಟೆ ಇನ್ನು ತಮ್ಮದು' ಅಂದುಬಿಟ್ಟೆ.

ಅವನಿಗೂ ಗೊಂದಲವಾಗಿ ತೆಗೆದುಕೊಂಡುಬಿಟ್ಟ. 'ಕಿತ್ಕೊಳ್ರೀ! ಕಿತ್ಕೊಳ್ರೀ!' ಎಂದು ಡಾಕ್ಟರು ಪಕ್ಕದಿಂದ ಕೂಗಿದ್ದು ಮೈಕಿನಲ್ಲಿ ಕೇಳಿತು. ಸಭೆ ಬಿದ್ದು ಬಿದ್ದು ನಗುವಾಗ ಪರದೆ ಎಳೆದರು.

ಮನೆಗೆ ಬರುವಾಗ ಕಾರಿನ ಹಿಂದಿನ ಸೀಟಿನಲ್ಲಿ ಎರಡು ಬದಿಗೆ ಇಬ್ಬರು ಅಜ್ಜಿಯರು, ನಡುವೆ ಕಾರ್ ಸೀಟಿನಲ್ಲಿ ಮಗಳು.

'ಅದೆಂಥಾ ನಾಟಕನೋ,' ಎಂದಳು ಅವ್ವ. 'ರಾಜ ಅದಾನ, ಸುಲ್ತಾನ ಅದಾನ, ನೀನೂ ಒಬ್ಬ ಅದೀ. ಕ್ವಾಟಿ ಒಳಗಿನ ಮಂದಿ ಎಲ್ಲಿ? ನಿಮಗ ಯಾರು ಬೇಕ್ರೆಪ್ಪಾ ಅಂತ ಅವರನ್ನ ಒಬ್ಬರರ ಕೇಳಿದ್ರೇನು?'

'ಅದು ನಿಜ ಬೀಗರೇ,' ಎಂದರು ಅತ್ತೆ.

ಪಕ್ಕದಲ್ಲಿದ್ದ ಹೆಂಡತಿ ತಟ್ಟನೆ ಹಿಂದೆ ತಿರುಗಿದಳು. 'ಹಾಗಾದ್ರೆ ಇವಳನ್ನೇ ಕೇಳೋಣ. ಪುಟ್ಟಿ, ನೀನು ದೋಸೆ ಅಜ್ಜಿ ಮನೆಗೆ ಹೋಗ್ತೀಯಾ, ರೊಟ್ಟಿ ಅಜ್ಜಿ ಮನೆಗೆ ಹೋಗ್ತೀಯಾ?'

ಮಗಳು ಒಬ್ಬರ ಮುಖ ನೋಡಿದಳು, ಇನ್ನೊಬ್ಬರ ಮುಖ ನೋಡಿದಳು.

'ಐ ವಾಂಟ್ ಟು ಗೋ ಟು ಡೇಕೇರ್,' ಎಂದಳು.

ಹೆಂಡತಿ ನಕ್ಕಳು, ಆಮೇಲೆ ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು. ನನಗೆ ಸಮಾಧಾನವೂ ಆಯಿತು, ಸಂಕಟವೂ ಆಯಿತು. ಎರಡರಲ್ಲಿ ಯಾವುದು ಹೆಚ್ಚೆಂದು ಇವತ್ತಿಗೂ ಹೇಳಲಾರೆ. ಕಳಿಸುವ ಮಾತನ್ನು ಅಲ್ಲಿಂದಾಚೆಗೆ ಯಾರೂ ಎತ್ತಲಿಲ್ಲ.

ಸೋಮವಾರ ಬೆಳಿಗ್ಗೆ ಆ ಡೇಕೇರನ್ನು ನೋಡಲೇಬೇಕೆಂದು ಇಬ್ಬರೂ ಹಟ ಹಿಡಿದು ಕಾರು ಹತ್ತಿದರು. ಬಾಗಿಲ ಹತ್ತಿರ ಮಗಳು ನನ್ನ ಕೈ ಬಿಡಿಸಿಕೊಂಡು, ಯಾರದೋ ಹೆಸರು ಕೂಗುತ್ತ ಒಳಗೆ ಓಡಿದಳು. ಹಿಂದೆ ತಿರುಗಿ ನೋಡಲಿಲ್ಲ.

ನಾನು ಬಂದು ಕಾರು ಶುರು ಮಾಡಿದೆ. ಹಿಂದೆ ಇಬ್ಬರ ನಡುವೆ ಕಾರ್ ಸೀಟು ಖಾಲಿಯಿತ್ತು.

'ಒಳಗ ಊಟಕ್ಕ ಏನ್ ಕೊಡ್ತಾರಂತ್ರೀ?' ಎಂದು ಅವ್ವ ಮೆಲ್ಲಗೆ ಕೇಳಿದಳು.

'ಬ್ರೆಡ್ಡು ಚೀಸು ಅಂತೆ ಬೀಗರೇ,' ಎಂದ ಅತ್ತೆ ಖಾಲಿ ಸೀಟಿನ ಮೇಲಿಂದ ಕೈ ಚಾಚಿ ಅವ್ವನ ಕೈ ಹಿಡಿದುಕೊಂಡರು.