ಮೂರನೇ ಜ್ವರ

ಬೆಲ್ಜಿಯಂನಲ್ಲಿ ಸೊಂಟದ ಕೀಲಿನ ಆಪರೇಷನ್ ಆಗಿ, ತೊಡೆಮೂಳೆಯ ತಲೆಗೆ ಲೋಹದ ಟೊಪ್ಪಿ ಹಾಕಿಸಿಕೊಂಡು ನಮ್ಮೂರು ಸಾದಲಿಗೆ ಮರಳಿದ್ದೆ. ಪಕ್ಕದ ಮನೆಯಲ್ಲಿ ರೇಷ್ಮೆಹುಳು ಸಾಕುತ್ತಿದ್ದ ಹೆಂಗಸು ದಿನವೂ ಸೊಪ್ಪಿನ ಕೈಯನ್ನು ಸೆರಗಿಗೆ ಒರೆಸುತ್ತ ಬಾಗಿಲಲ್ಲಿ ನಿಂತು, "ಜ್ವರಕ್ಕೆ ಕೂತಿದ್ದೀಯಪ್ಪ, ಅಲ್ಲಾಡಬೇಡ" ಅನ್ನುತ್ತಿದ್ದರು. ಹುಳು ಪೊರೆ ಬಿಡುವ ಮೊದಲು ಸೊಪ್ಪು ತಿನ್ನದೆ ಮಲಗುವುದನ್ನು ರೇಷ್ಮೆ ಸಾಕುವವರೆಲ್ಲ ಜ್ವರ ಅನ್ನುತ್ತಾರೆ; ಗೂಡು ಕಟ್ಟುವಷ್ಟರಲ್ಲಿ ಅಂಥ ನಾಲ್ಕು ಜ್ವರ.

ಒಮ್ಮೆ ನಾನು ಮಲಗಿದ್ದಾಗ ಚಿಂತಾಮಣಿಯಿಂದ ಅಕ್ಕನ ಫೋನ್ ಬಂತು; ಎತ್ತಿಕೊಂಡದ್ದು ಪಕ್ಕದ ಮನೆಯವರು. ಜ್ವರ ಬಂದರೆ ಕೀಲಿಗೆ ಸೋಂಕು ತಗುಲಿದಂತೆ, ಮತ್ತೆ ಬೆಲ್ಜಿಯಂ ಎಂಬ ಭಯ ಅವಳಿಗೆ. "ಜ್ವರ ಏನಾದ್ರೂ ಇದ್ಯಾ?" ಎಂದದ್ದಕ್ಕೆ ಇವರು, "ಮೂರನೇದು ಕಣಮ್ಮ. ಯಾರೂ ಮುಟ್ಟಬಾರ್ದು" ಅಂದರು. ಅಕ್ಕ ಡಾಕ್ಟರನ್ನೇ ಕರೆತಂದಳು. ಮೈ ತಣ್ಣಗಿತ್ತು.

ಅವರು ಹೇಳಿದ್ದು ನನ್ನ ಬಗ್ಗೆಯೋ, ಹುಳುವಿನ ಬಗ್ಗೆಯೋ, ತಮಾಷೆಗೋ? ಅಕ್ಕನ ಪ್ರಕಾರ ಅವರು ಅಂದದ್ದು 'ಎರಡನೇದು'. 'ಮೂರನೇದು' ಎಂಬುದನ್ನು ನಾನೇ ಕೇಳಿಸಿಕೊಂಡ ನೆನಪಿದೆ. ಆದರೆ ನಾನು ನಿದ್ದೆಯಲ್ಲಿದ್ದೆನಲ್ಲ.

ಇದಾದರೂ ನಡೆದದ್ದೇ ಅಂದುಕೊಂಡಿದ್ದೇನೆ: ಊರುಗೋಲು ಬಿಟ್ಟು ಅವರ ಜಗುಲಿಯವರೆಗೆ ನಡೆದ ದಿನ, ಅಲ್ಲಿಯವರೆಗೆ ನನಗೆ ಒಂದು ತುತ್ತೂ ಕೊಟ್ಟಿರದ ಅವರು ನನ್ನ ಕಾಲಿನ ಕಡೆ ನೋಡಲೂ ಇಲ್ಲ. "ಎದ್ಯಾ? ಇನ್ನು ಸೊಪ್ಪು ಹಾಕ್ಬೋದು" ಅಂದು, ಒಳಗಿನಿಂದ ಬಿಸಿ ಮುದ್ದೆಯ ತಟ್ಟೆ ತಂದಿಟ್ಟರು.