ಅಧ್ಯಕ್ಷರ ಕುರ್ಚಿ ಮತ್ತು ದಡದ ಮೇಸ್ತ್ರಿ

ಇಪ್ಪತ್ತೆರಡು ವರ್ಷ ದೋಣಿಯ ಎಂಜಿನ್ ರಿಪೇರಿ ಮಾಡಿದ ಮನುಷ್ಯ ಒಂದು ಸಲವೂ ದೋಣಿ ಹತ್ತಿರಲಿಲ್ಲ ಎಂದರೆ ಯಾರಾದರೂ ನಂಬುತ್ತಾರೆಯೇ? ದಡದ ಮೇಸ್ತ್ರಿಯ ವಿಷಯದಲ್ಲಿ ಅದು ಅಪ್ಪಟ ನಿಜ. ನೀರೆಂದರೆ ಅವನಿಗೆ ಜೀವಭಯ. ಸರೋವರದ ದಂಡೆಯಲ್ಲಿ ಬೋಟ್ ಕ್ಲಬ್ಬಿನ ತಗಡಿನ ಶೆಡ್ಡೇ ಅವನ ಸಾಮ್ರಾಜ್ಯ. ಕೆಟ್ಟ ಎಂಜಿನ್ನೇ ಅವನ ಹತ್ತಿರ ಬರಬೇಕು, ಅವನು ಅದರ ಹತ್ತಿರ ಹೋಗುವವನಲ್ಲ. ಹಾಗಾಗಿ ಆ ಹೆಸರು.

ಕೆಲಸದಲ್ಲಿ ಮಾತ್ರ ಎತ್ತಿದ ಕೈ. ಟ್ಯಾಂಕಿನಿಂದ ಎಂಜಿನ್ನಿಗೆ ಹೋಗುವ ಪೆಟ್ರೋಲ್ ಪೈಪಿನಲ್ಲಿ ಮುಷ್ಟಿಗಾತ್ರದ ರಬ್ಬರ್ ಉಂಡೆಯೊಂದು ಇರುತ್ತದಲ್ಲ, ಶುರು ಮಾಡುವ ಮುಂಚೆ ಹಿಸುಕುವುದು, ಅದನ್ನು ಮುಟ್ಟಿದರೆ ಅವನಿಗೆ ಸಾಕು. ಎಷ್ಟು ಹಿಸುಕಿದರೂ ಮೆತ್ತಗಿದ್ದರೆ ಎಲ್ಲೋ ಗಾಳಿ ನುಗ್ಗುತ್ತಿದೆ. ಚಪ್ಪಟೆಯಾಗಿ ಹಾಗೇ ಉಳಿದರೆ ಟ್ಯಾಂಕಿನ ಕಡೆ ದಾರಿ ಕಟ್ಟಿದೆ. ಕಲ್ಲಿನಂತೆ ಗಟ್ಟಿಯಾದರೆ ಪೈಪ್ ಸರಿಯಿದೆ, ಎಂಜಿನ್ನನ್ನೇ ಬಿಚ್ಚಬೇಕು. ಕಂಡುಹಿಡಿದದ್ದನ್ನು ರಿಪೇರಿ ಪುಸ್ತಕದ ‘ಕಾರಣ’ ಎಂಬ ಜಾಗದಲ್ಲಿ ಒಂದೇ ಸಾಲಿನಲ್ಲಿ ಬರೆಯುತ್ತಿದ್ದ. ಯಾರ ಮುಲಾಜಿಗೂ ಆ ಸಾಲು ತಿದ್ದಿದವನಲ್ಲ. ಕಾರ್ಯದರ್ಶಿಯ ದೋಣಿ ನಿಂತಾಗ ‘ಪೆಟ್ರೋಲ್ ಹಾಕಿರಲಿಲ್ಲ’ ಎಂದೇ ಬರೆದಿದ್ದ.

ಅಂಥವನಿಗೆ ಗ್ರಹಚಾರ ವಕ್ಕರಿಸಿದ್ದು ಕ್ಲಬ್ಬಿಗೆ ಹೊಸ ಅಧ್ಯಕ್ಷರು ಬಂದ ಮೇಲೆ. ಅಧ್ಯಕ್ಷರದು ಭಾರೀ ಶರೀರ. ಎಲ್ಲರಂತೆ ಹಲಗೆಯ ಮೇಲೆ ಕೂರುವುದು ಸ್ಥಾನಕ್ಕೆ ಶೋಭೆಯಲ್ಲವೆಂದು ಕ್ಲಬ್ಬಿನ ದೋಣಿಯ ನಡುವೆ ಸ್ಪ್ರಿಂಗಿನ ಕುರ್ಚಿ ಹಾಕಿಸಿದರು. ಅದರಲ್ಲಿ ಬೇರೆ ಯಾರೂ ಕೂರಕೂಡದೆಂದು ನೋಟಿಸ್ ಅಂಟಿತು. ಮೋಟಾರು ದೋಣಿಗೆ ಅವಮಾನವೆಂದು ಹುಟ್ಟುಗಳನ್ನೂ ತೆಗೆಸಿದರು. ಅಲ್ಲಿಂದ ಶುರುವಾಯಿತು ನೋಡಿ, ಅಧ್ಯಕ್ಷರು ಹೊರಟ ಐದೇ ನಿಮಿಷಕ್ಕೆ ನಡುನೀರಿನಲ್ಲಿ ಎಂಜಿನ್ ಕೆಮ್ಮಿ ನಿಲ್ಲುವುದು. ಇನ್ನೊಂದು ದೋಣಿಗೆ ಕಟ್ಟಿ ದಡಕ್ಕೆಳೆದರೆ ಏನೂ ಆಗಿಲ್ಲವೆಂಬಂತೆ ಓಡುವುದು. ಮೇಸ್ತ್ರಿ ಫಿಲ್ಟರ್ ಬದಲಿಸಿದ, ಟ್ಯಾಂಕಿನ ಮುಚ್ಚಳದ ಗಾಳಿಕಿಂಡಿ ನೋಡಿದ, ಪಂಪ್ ಬಿಚ್ಚಿ ಕಟ್ಟಿದ, ಪೈಪನ್ನೇ ಹೊಸದು ಹಾಕಿದ. ಏನೂ ಪ್ರಯೋಜನವಾಗಲಿಲ್ಲ.

“ಇನ್ನೊಂದ್ಸಲ ನಿಂತ್ರೆ ಶೆಡ್ಡಿನ ಬೀಗದ ಕೈ ಕೊಟ್ಟು ಹೋಗ್ತಾ ಇರಿ,” ಎಂದರು ಅಧ್ಯಕ್ಷರು.

ಮನೆಯಲ್ಲಿ ಹೆಂಡತಿ ಹೊಲಿಗೆ ಯಂತ್ರದಿಂದ ತಲೆಯೆತ್ತದೆ ಕೇಳಿದಳು: “ನೀರಲ್ಲಿ ಬರೋ ಕಾಯಿಲೇನ ದಡದಲ್ಲಿ ಹುಡುಕಿದ್ರೆ ಸಿಗುತ್ತೇನ್ರೀ?”

ಮರುದಿನ ಮೇಸ್ತ್ರಿ ಒಂದರ ಮೇಲೊಂದು ಎರಡು ಲೈಫ್ ಜಾಕೆಟ್ ಹಾಕಿಕೊಂಡು, ರಿಪೇರಿ ಪುಸ್ತಕ ಕಂಕುಳಲ್ಲಿಟ್ಟು ದೋಣಿ ಹತ್ತಿದ. ಹಿಂದೆ ಡ್ರೈವರ್, ನಡುವೆ ಕುರ್ಚಿಯಲ್ಲಿ ಅಧ್ಯಕ್ಷರು. ಐದು ನಿಮಿಷಕ್ಕೆ ಎಂಜಿನ್ ನಿಂತಿತು. ಮೇಸ್ತ್ರಿ ನೀರಿನ ಕಡೆ ನೋಡದೆ, ಕಣ್ಣು ಮುಚ್ಚಿಕೊಂಡೇ ರಬ್ಬರ್ ಉಂಡೆ ತಡವಿದ. ಚಪ್ಪಟೆ. ಪೈಪ್ ಹಿಡಿದು ಟ್ಯಾಂಕಿನ ಕಡೆಗೆ ತೆವಳಿದ. ಕುರ್ಚಿಯ ಅಡಿಯಲ್ಲಿ ಕೈ ಸಿಕ್ಕಿಕೊಂಡಿತು. ಅಧ್ಯಕ್ಷರ ಭಾರಕ್ಕೆ ಸ್ಪ್ರಿಂಗ್ ಕುಸಿದು, ತಳದ ಕಬ್ಬಿಣದ ಪಟ್ಟಿ ಪೈಪನ್ನು ಅಮುಕಿ ಹಿಡಿದಿತ್ತು. ಬೇರೆ ಯಾರಾದರೂ ಅಲ್ಲಿ ಕೂತಿದ್ದರೆ ತಾನೆ ಇದು ಗೊತ್ತಾಗುವುದು!

“ಸರ್, ಸ್ವಲ್ಪ ಎದ್ದೇಳ್ತೀರಾ? ಪೈಪ್ ನಿಮ್ಮ ಕೆಳಗೆ ಸಿಕ್ಕಿಕೊಂಡಿದೆ.”

ಅಧ್ಯಕ್ಷರ ಮುಖ ಕೆಂಪಾಯಿತು. ಡ್ರೈವರ್ ಆಕಾಶದಲ್ಲಿ ಇಲ್ಲದ ಹಕ್ಕಿಯನ್ನು ನೋಡತೊಡಗಿದ.

“ಪೈಪ್ ಕಳಪೆ ಅಂತ ಬರೀರಿ. ಶೆಡ್ಡು ನಿಮಗೇ ಇರುತ್ತೆ. ಬರೆದ್ಮೇಲೆ ಏಳ್ತೀನಿ.”

ಸುತ್ತ ನೀರು. ಒಂದು ಸಾಲು ಬರೆದರೆ ದಡ, ಶೆಡ್ಡು, ಎಲ್ಲವೂ ಸಿಗುತ್ತದೆ. ಪುಸ್ತಕ ತೆಗೆದು ‘ಪೈಪ್’ ಎಂದು ಬರೆದೂ ಬಿಟ್ಟ. ಆಮೇಲೆ ಕೈ ಓಡಲಿಲ್ಲ.

“ಈ ಪೈಪ್ ನಾನೇ ಆರಿಸಿ ಹಾಕಿದ್ದು ಸರ್. ಅದರದ್ದೇನೂ ತಪ್ಪಿಲ್ಲ,” ಎಂದು ಬರೆದದ್ದನ್ನು ಹೊಡೆದುಹಾಕಿ ದೋಣಿಯ ತಳದಲ್ಲಿ ಚಕ್ಕಳಮಕ್ಕಳ ಹಾಕಿ ಕೂತ.

ಬಿಸಿಲು ನೆತ್ತಿಗೇರಿತು. ಎಳೆಯಲು ಬಂದ ದೋಣಿಯನ್ನೂ ಅಧ್ಯಕ್ಷರು ಕೈಬೀಸಿ ವಾಪಸ್ ಕಳಿಸಿದರು; ಇಬ್ಬರೂ ಜಗ್ಗಲಿಲ್ಲ. ಆದರೆ ಅಧ್ಯಕ್ಷರಾದರೇನು, ದೇಹಬಾಧೆ ಬಿಟ್ಟೀತೇ? ಕೊನೆಗೆ ಎದ್ದು, ದೋಣಿಯ ಅಂಚಿಗೆ ಹೋಗಿ ಬೆನ್ನು ತಿರುಗಿಸಿ ನಿಂತರು. ರಬ್ಬರ್ ಉಂಡೆ ಉಬ್ಬಿಕೊಂಡಿತು. ಡ್ರೈವರ್ ಹಗ್ಗ ಎಳೆದದ್ದೇ ತಡ, ಎಂಜಿನ್ ಶುರುವಾಯಿತು. ಮೇಸ್ತ್ರಿ ಬರೆದ: ‘ಕಾರಣ: ಅಧ್ಯಕ್ಷರು ಕೂತದ್ದು.’

ಸಂಜೆಯೊಳಗೆ ಬೀಗದ ಕೈ ಹೋಯಿತು. ಈಗ ಹೆಂಡತಿಯ ಹೊಲಿಗೆ ಕೋಣೆಯ ಒಂದು ಮೂಲೆಯೇ ಅವನ ವರ್ಕ್‌ಶಾಪ್. ಹೊಲಿದ ಬಟ್ಟೆಗೆಲ್ಲ ಪೆಟ್ರೋಲ್ ವಾಸನೆ ಎಂದು ಗಿರಾಕಿಗಳು ಮೂಗು ಮುರಿಯುತ್ತಾರೆ.

ಕುರ್ಚಿಯಡಿಯ ಪೈಪನ್ನು ನಾಲ್ಕು ಬೆರಳು ಪಕ್ಕಕ್ಕೆ ಸರಿಸಿದರೆ ಮುಗಿಯಿತು. ಆದರೆ ಸರಿಸಿದರೆ ಪುಸ್ತಕದಲ್ಲಿ ಬರೆದದ್ದನ್ನು ಒಪ್ಪಿಕೊಂಡಂತೆ. ಹಾಗಾಗಿ ಪ್ರತಿ ಭಾನುವಾರ ಅಧ್ಯಕ್ಷರು ಕುರ್ಚಿಯ ಬೆನ್ನಿಗೆ ಕೈಯಿಟ್ಟು, ಹೊರಟಾಗಿನಿಂದ ಮರಳುವವರೆಗೂ ನಿಂತೇ ಸರೋವರ ಸುತ್ತುತ್ತಾರೆ. ಗಾಂಭೀರ್ಯ ಅಂದರೆ ಇದು ಎಂದು ಸದಸ್ಯರು ಹೊಗಳುತ್ತಾರೆ.

“ಪಾಪ ಕಣ್ರೀ, ಕಾಲು ನೋಯಲ್ವಾ ಅವರಿಗೆ?” ಎಂದಳು ಹೆಂಡತಿ ಕಿಟಕಿಯಿಂದ ಸರೋವರ ನೋಡುತ್ತ.

“ನೋಯದೆ ಏನು? ಒಂದು ಮಾತು ಕೇಳಿದ್ರೆ ನಾನೇ ದೋಣಿ ಹತ್ತಿ ಸರಿಸಿ ಬರ್ತಿದ್ದೆ,” ಎಂದ ದಡದ ಮೇಸ್ತ್ರಿ.